ಮಾರ್ಚ್ ತಿಂಗಳಲ್ಲೇ ನಿಂತ ಊರು

ಬಾಗಿಲು ತೆರೆದ ವುಕಾಶಿನ್ ನನ್ನನ್ನು ನೋಡಿ ಹಾಗೇ ನಿಂತುಬಿಟ್ಟ. ಅವನ ಒಂದು ಕೈಯಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಬಾಟಲಿ, ಇನ್ನೊಂದು ಕೈ ಬಾಗಿಲ ಹಿಡಿಯ ಮೇಲೆ. ಆ ಕೈ ಬಾಗಿಲನ್ನು ಮತ್ತೆ ಮುಚ್ಚಲು ಹವಣಿಸಿದ್ದು ನನಗೆ ಕಂಡಿತು. ಆದರೆ ಮುಚ್ಚುವ ಹಾಗಿರಲಿಲ್ಲ.

ಅವತ್ತು ಸಂತ ಯೋವಾನನ ದಿನ, ವುಕಾಶಿನನ ಮನೆತನದ ಸ್ಲಾವಾ. ಮನೆದೇವರ ಈ ಹಬ್ಬಕ್ಕೆ ನಮ್ಮಲ್ಲಿ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ವಾಪಸು ಕಳಿಸುವುದೂ ಇಲ್ಲ. ಹಗೆಯೇ ಬಂದು ನಿಂತರೂ ಒಂದು ಚಮಚ ಸಿಹಿಗೋಧಿ ಕೊಟ್ಟು ಒಳಗೆ ಕೂರಿಸಬೇಕು. ಪೊಲೀಸ್ ಇನ್ಸ್‌ಪೆಕ್ಟರ್ ಹಗೆಗಿಂತ ಮೇಲೋ ಕೆಳಗೋ, ಅದನ್ನು ಅವನೇ ತೀರ್ಮಾನಿಸಿಕೊಳ್ಳಲಿ ಎಂದು ನಾನು ಹಿಮ ಹತ್ತಿದ ಬೂಟು ಕಳಚತೊಡಗಿದೆ.

"ಸ್ಲಾವಾ ಒಳ್ಳೇದಾಗ್ಲಿ, ವುಕಾಶಿನ್."

"ಬನ್ನಿ ವಿದಕ್ಕ," ಎಂದ. ಮುಖ ಬಿಳಿಚಿತ್ತು, ಮಾತು ಮಾತ್ರ ಹಬ್ಬದ್ದು. "ಒಳಗೆ ಬನ್ನಿ. ಅಮ್ಮ ಅಲ್ಲೇ ಇದಾಳೆ."

ನಾನು ಹಬ್ಬದೂಟಕ್ಕೆ ಬಂದವಳಲ್ಲ ಎಂಬುದು ಅವನಿಗೂ ಗೊತ್ತಿತ್ತು. ಹೋದ ಗುರುವಾರ ಮಧ್ಯಾಹ್ನ ಡಿಸ್ಕ್ ಅಂಗಡಿಯ ಗವ್ರಿಲೊ ತಲೆಗೆ ಪೆಟ್ಟು ಬಿದ್ದು ತನ್ನ ಹಿಂಕೋಣೆಯಲ್ಲೇ ಸತ್ತುಬಿದ್ದಿದ್ದ. ಕೋಣೆಗೆ ಬೀಗ ಹಾಕಿತ್ತು, ಬೀಗದ ಕೈ ಅವನನ್ನು ಬಿಟ್ಟರೆ ಇನ್ನಿಬ್ಬರ ಬಳಿ ಮಾತ್ರ ಇತ್ತು. ಒಬ್ಬ ಈ ವುಕಾಶಿನ್, ಮನೆಗಳ ನಕ್ಷೆ ಬರೆಯುವವನು. ಆ ಹಿಂಕೋಣೆಯ ಅಟ್ಟದ ಮೇಲೆ ತನ್ನ ಹಳೇ ನಕ್ಷೆಗಳನ್ನು ಇಟ್ಟಿದ್ದ. ಇನ್ನೊಬ್ಬರು ಅಂಗಡಿಯ ಯಂತ್ರ ಕೆಟ್ಟಾಗ ಸರಿಮಾಡಿಕೊಡುತ್ತಿದ್ದ ತಾಂತ್ರಿಕ ಶಾಲೆಯ ತಿಹೊಮಿರ್, ಊರೆಲ್ಲ ತಿಕಾ ಮೇಷ್ಟ್ರು ಎಂದು ಕರೆಯುವವರು.

ಮೇಷ್ಟ್ರು ಶುಕ್ರವಾರದಿಂದ ನಮ್ಮ ಲಾಕಪ್ಪಿನಲ್ಲಿದ್ದರು. ಮಾರನೇ ದಿನ ಬೆಳಿಗ್ಗೆ ಅವರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಜಿಲ್ಲಾ ಜೈಲಿಗೆ ಕಳಿಸುವವರಿದ್ದರು. ಆ ವಯಸ್ಸಿಗೆ ಒಳಗೆ ಹೋದರೆ ಅವರು ಮತ್ತೆ ಮನೆಯ ಹೊಸಿಲು ತುಳಿಯುವುದಿಲ್ಲ.

ನಮ್ಮ ಮುಖ್ಯಾಧಿಕಾರಿ ಉಗ್ರಿನಿಚ್ ಸಾಹೇಬರ ತರ್ಕ ಸರಳವಾಗಿತ್ತು. ಗುರುವಾರ ಮಧ್ಯಾಹ್ನ ವುಕಾಶಿನ್ ತನ್ನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಬರೆಯುತ್ತಿದ್ದ. ನಕ್ಷೆಯ ಫೈಲಿನ ಮೇಲೆ ತಾರೀಖು, ಗಂಟೆ ಎರಡೂ ಇವೆ. ಸಾಹೇಬರೇ ಹೋಗಿ ಕಣ್ಣಾರೆ ನೋಡಿ ಬಂದಿದ್ದರು. ಹಾಗಾದರೆ ಉಳಿದವರು ಮೇಷ್ಟ್ರು.

ಆ ತರ್ಕದಲ್ಲಿ ಏನೋ ಒಂದು ನನ್ನ ಗಂಟಲಿಗೆ ಸಿಕ್ಕಿಕೊಂಡಿತ್ತು. ಅದೇನೆಂದು ನನಗೇ ತಿಳಿದಿರಲಿಲ್ಲ. ಆಮಂತ್ರಣ ಬೇಡದ ಮನೆ ಒಂದಿದೆಯಲ್ಲ, ಹೋಗಿ ನೋಡೋಣ ಎಂದು ಬಂದಿದ್ದೆ.

ವುಕಾಶಿನನ ತಾಯಿ ದೆಸಾಂಕಾ ತಟ್ಟೆ ಹಿಡಿದು ಬಂದಳು. ನಾನು ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ಸಿಹಿಗೋಧಿ ಬಾಯಿಗೆ ಹಾಕಿಕೊಂಡೆ.

"ನಮ್ಮನೆ ಹಬ್ಬಕ್ಕೆ ನೀನು ಬಂದು ಎಷ್ಟು ವರ್ಷ ಆಯ್ತೇ ವಿದಾ?" ಎಂದಳು. "ಈ ಸಲ ಬರ್ಬೇಕು ಅಂತ ಯಾಕನ್ನಿಸ್ತು?"

"ನಿಮ್ಮ ಕೈಯ ಕೋಸಿನೆಲೆ ಸರ್ಮಾ ನೆನಪಾಯ್ತು, ಚಿಕ್ಕಮ್ಮ."

"ಸುಳ್ಳು ಹೇಳೋದು ನಿಮ್ಮ ಇಲಾಖೇಲಿ ಕಲಿಸ್ತಾರೋ, ಹುಟ್ಟಿನಿಂದ ಬಂದಿದ್ದೋ?" ಎಂದು ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ಮೇಜಿನ ಕೊನೆಯಲ್ಲಿ ಕೂರಿಸಿದಳು.

ಉದ್ದ ಮೇಜು, ಗೋಡೆಯಿಂದ ಗೋಡೆಗೆ. ನಡುವೆ ಹಬ್ಬದ ಮೇಣದ ಬತ್ತಿ ಉರಿಯುತ್ತಿತ್ತು. ಬೀದಿಯ ಅರ್ಧ ಜನ ಅಲ್ಲೇ ಇದ್ದರು. ಯಜಮಾನ ವುಕಾಶಿನ್ ಮಾತ್ರ ನಿಂತೇ ಇದ್ದ. ಸ್ಲಾವಾದ ದಿನ ಯಜಮಾನ ಕೂರುವುದಿಲ್ಲ, ಬಂದವರಿಗೆ ಬಡಿಸುತ್ತಾನೆ. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಜನರನ್ನು ವಿಚಾರಿಸಿದ್ದೇನೆ. ನಾನು ಕೂತು ತಿನ್ನುತ್ತಾ, ಶಂಕಿತ ನಿಂತು ಬಡಿಸುತ್ತಾ ನಡೆದ ವಿಚಾರಣೆ ಇದೊಂದೇ.

ನನ್ನ ಪಕ್ಕದಲ್ಲಿ ಔಷಧಿ ಅಂಗಡಿಯ ಸ್ತಾನಾ ಕೂತಿದ್ದಳು. ಅವಳ ಬಾಯಿಗೆ ಸಿಕ್ಕಿದವರು ಬದುಕಿ ಬರುವುದು ಕಷ್ಟ.

"ಬಾ ತಾಯಿ, ಬಾ," ಎಂದಳು. "ಮೇಷ್ಟ್ರನ್ನ ಕತ್ತಲೆ ಕೋಣೇಲಿ ಕೂರಿಸಿ ನೀನಿಲ್ಲಿ ಹಂದಿ ಹುರಿದಿದ್ದು ತಿನ್ನೋಕೆ ಬಂದ್ಯಾ?"

"ನಾನು ಕೂರಿಸಿದ್ದಲ್ಲ ಕಣೆ."

"ಬೀಗದ ಕೈ ನಿಮ್ಮದೇ ತಾನೆ. ಹೋಗ್ಲಿ, ಒಂದು ಮಾತು ಹೇಳು. ನಮ್ಮ ಕಂಪ್ಯೂಟರ್ ನಿನ್ನೆಯಿಂದ ಮಾರ್ಚ್ ಕೊನೆಗೆ ಬಂದು ನಿಂತಿದೆ. ಮತ್ತೆ ಒಂದನೇ ತಾರೀಖಿಗೆ ಕಳ್ಸೋಣ ಅಂದ್ರೆ ನನ್ನ ಗಂಡನ ಕೈಲಿ ಆಗ್ತಿಲ್ಲ. ಇಷ್ಟು ದಿನ ಮೇಷ್ಟ್ರು ಬಂದು ಮಾಡಿಕೊಡ್ತಿದ್ರು. ಇನ್ನು ಯಾರನ್ನ ಕರೀಲಿ? ನಿನ್ನನ್ನಾ?"

ಮೇಜಿನ ಸುತ್ತ ನಗೆ ಎದ್ದಿತು. ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ಫೋರ್ಕಿನ ತುದಿಯಲ್ಲಿದ್ದ ಸರ್ಮಾ ಬಾಯಿಗೆ ಹೋಗದೆ ನಿಂತುಬಿಟ್ಟಿತು.

ನನ್ನ ಗಂಟಲಿಗೆ ಸಿಕ್ಕಿಕೊಂಡದ್ದು ಏನೆಂದು ಆಗ ತಿಳಿಯಿತು.

ಅದನ್ನು ಹೇಳಬೇಕಾದರೆ ನಮ್ಮ ಲಿಪೊವಾಕಿನ ಕಂಪ್ಯೂಟರುಗಳ ಕತೆ ಹೇಳಬೇಕು. ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಹೊರಗಿನ ದೇಶಗಳೆಲ್ಲ ಸೇರಿ ನಮ್ಮ ಮೇಲೆ ನಿರ್ಬಂಧ ಹೇರಿದ್ದ ವರ್ಷಗಳವು. ಕೈಯಲ್ಲಿ ಹಣ ಹಿಡಿದು ನಿಂತರೂ ನಮಗೆ ಲೈಸೆನ್ಸ್ ಮಾರುವವರಿರಲಿಲ್ಲ, ಮತ್ತು ಕೈಯಲ್ಲಿ ಹಣವೂ ಇರಲಿಲ್ಲ. ಮುಚ್ಚಿಹೋದ ರೇಡಿಯೋ ಕಾರ್ಖಾನೆಯ ಬಿಡಿಭಾಗಗಳಿಂದ ತಿಕಾ ಮೇಷ್ಟ್ರು ಶಾಲೆಯ ನೆಲಮಾಳಿಗೆಯಲ್ಲಿ ಕಂಪ್ಯೂಟರ್ ಜೋಡಿಸಿದರು. ಒಂದಾಯಿತು, ಎರಡಾಯಿತು, ಕೊನೆಗೆ ಆಸ್ಪತ್ರೆಗೆ, ಬೇಕರಿಗೆ, ಪಾದ್ರಿಯ ಮನೆಗೆ, ನನ್ನ ಮನೆಗೆ.

ಯಂತ್ರವೇನೋ ಆಯಿತು, ಅದು ಕಣ್ಣು ಬಿಡಬೇಕಾದರೆ ಆಪರೇಟಿಂಗ್ ಸಿಸ್ಟಂ ಬೇಕಲ್ಲ. ಎಲ್ಲಿಂದಲೋ ಒಂದು ಡಿಸ್ಕ್ ಬಂತು. ಜನ ಉಪಯೋಗಿಸಿ ನೋಡಲಿ ಎಂದು ಕಂಪನಿ ಬಿಟ್ಟಿದ್ದ ಪರೀಕ್ಷೆಯ ಪ್ರತಿ ಅದು. ಮಾರ್ಚ್ ಕೊನೆಗೆ ಅದರ ಆಯಸ್ಸು ಮುಗಿಯುತ್ತಿತ್ತು. ಆಮೇಲೆ ಹಣ ಕಟ್ಟಬೇಕು, ಇಲ್ಲವಾದರೆ ಯಂತ್ರ ಏಳುವುದಿಲ್ಲ.

ಮೇಷ್ಟ್ರು ಒಂದು ವಾರ ತಲೆ ಕೆರೆದುಕೊಂಡು ಕೂತರು. ಆಮೇಲೆ ಯಂತ್ರದೊಳಗಿನ ಗಡಿಯಾರವನ್ನು ಮಾರ್ಚ್ ಒಂದಕ್ಕೆ ತಿರುಗಿಸಿದರು. ಯಂತ್ರ ಎದ್ದು ಕೂತಿತು. ತಿಂಗಳ ಕೊನೆಗೆ ಮತ್ತೆ ತಿರುಗಿಸಿದರು, ಮತ್ತೆ ಎದ್ದಿತು. ಅಲ್ಲಿಂದ ನಮ್ಮೂರ ಕಂಪ್ಯೂಟರುಗಳೆಲ್ಲ ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳಲ್ಲೇ ಬಾಳುತ್ತಿದ್ದವು. ಹೊರಗೆ ಹಿಮ ಬೀಳಲಿ, ದ್ರಾಕ್ಷಿ ಹಣ್ಣಾಗಲಿ, ಒಳಗೆ ಮಾರ್ಚ್. ಪಾದ್ರಿಯ ಲೆಕ್ಕದಲ್ಲಿ ಈ ಊರಿನ ಮಕ್ಕಳೆಲ್ಲ ಮಾರ್ಚಿನಲ್ಲೇ ದೀಕ್ಷಾಸ್ನಾನ ಪಡೆದಿದ್ದರು. ಹಳೇ ಪಂಚಾಂಗದ ನಮ್ಮ ಚರ್ಚು ಲೋಕಕ್ಕಿಂತ ಹದಿಮೂರು ದಿನ ಹಿಂದೆ, ಕಂಪ್ಯೂಟರ್ ಎರಡು ವರ್ಷ ಹಿಂದೆ, ಪುರಸಭೆ ಎಷ್ಟು ಹಿಂದೆಯೋ ದೇವರಿಗೇ ಗೊತ್ತು ಎಂದು ಬೇಕರಿಯ ಮುಂದೆ ಜನ ನಗುತ್ತಿದ್ದರು.

ಕದ್ದದ್ದು ಅನ್ನುವವರು ಅನ್ನಲಿ. ಮೇಷ್ಟ್ರು ಒಂದು ದಿನಾರ್ ಮುಟ್ಟಲಿಲ್ಲ. ಈ ಊರಿನ ಹುಡುಗಿಯರು ಇವತ್ತು ಸೇತುವೆ ಲೆಕ್ಕ ಹಾಕುತ್ತಾರೆ, ಆಸ್ಪತ್ರೆಯಲ್ಲಿ ಎಕ್ಸ್‌ರೇ ಓದುತ್ತಾರೆ. ಅವರೆಲ್ಲ ಅಕ್ಷರ ಒತ್ತಲು ಕಲಿತದ್ದು ಆ ಮಾರ್ಚಿನಲ್ಲಿ. ಲೋಕವೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮವರೊಬ್ಬರು ಕಿಟಕಿ ತೆರೆದರು. ಅದನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ.

ಅದೇ ಡಿಸ್ಕನ್ನು ಗವ್ರಿಲೊ ನಕಲು ಮಾಡಿ, ಮೇಲೆ ತನ್ನ ಭಾವಚಿತ್ರ ಅಂಟಿಸಿ ಸಂತೆಯಲ್ಲಿ ಮಾರತೊಡಗಿದ್ದ. ಮೇಷ್ಟ್ರು ಸಂತೆ ತುಂಬ ಕೇಳುವ ಹಾಗೆ, ಇನ್ನೊಂದು ಮಾರಿದರೆ ಕೈ ಮುರೀತೀನಿ ಎಂದಿದ್ದರು. ಕೊಲೆಗೆ ಕಾರಣ ಹುಡುಕುತ್ತಿದ್ದ ಸಾಹೇಬರಿಗೆ ಅಷ್ಟು ಸಾಕಾಯಿತು.

ನಾನು ಸರ್ಮಾವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

"ವುಕಾಶಿನ್, ನಿನ್ನ ಕೆಲಸದ ಕೋಣೆ ಎಲ್ಲಿ?"

"ಈಗಲಾ? ಜನ ಇದಾರೆ, ವಿದಕ್ಕ."

"ಜನ ತಿಂತಿದಾರೆ. ನೀನು ಬಾ."

ಕೋಣೆ ಅಡುಗೆಮನೆಯ ಆಚೆಗಿತ್ತು. ಪುಟ್ಟ ಕೋಣೆ, ಒಂದು ಕಿಟಕಿ, ಗೋಡೆ ತುಂಬ ಸುರುಳಿ ಸುತ್ತಿದ ನಕ್ಷೆಗಳು, ಮೇಜಿನ ಮೇಲೆ ಮೇಷ್ಟ್ರು ಜೋಡಿಸಿಕೊಟ್ಟ ಬೂದು ಪೆಟ್ಟಿಗೆ. ವುಕಾಶಿನ್ ಕೈಯಲ್ಲಿ ಬಾಟಲಿ ಹಿಡಿದೇ ಬಂದಿದ್ದ. ಅದನ್ನು ಎಲ್ಲಿಡಬೇಕೆಂದೂ ಅವನಿಗೆ ತೋಚಲಿಲ್ಲ.

ನಾನು ಗುಂಡಿ ಒತ್ತಿದೆ. ಯಂತ್ರ ಗುರುಗುಟ್ಟಿ ಎದ್ದಿತು. ಮೂಲೆಯಲ್ಲಿ ತಾರೀಖು ಮೂಡಿತು: ಮಾರ್ಚ್ ಐದು, ಎರಡು ವರ್ಷದ ಹಿಂದಿನದು.

"ಹೋದ ವಾರ ತಿರುಗಿಸಿದೆಯಾ?"

"ಹೂಂ," ಎಂದ. ಧ್ವನಿ ಒಳಗೇ ಇತ್ತು.

"ನಕ್ಷೆಗಳು ಎಲ್ಲಿವೆ?"

ಅವನು ತೋರಿಸಿದ. ಸಾಲಾಗಿ ಬಂದವು. ಶಾಲೆಯ ಹೊಸ ಚಾವಣಿ, ಮಾರ್ಚ್. ಪಾದ್ರಿಯ ಮನೆಯ ಮೆಟ್ಟಿಲು, ಮಾರ್ಚ್. ಹಾಲಿನ ಡೇರಿಯ ಗೋಡೆ, ಮಾರ್ಚ್. ನಾನು ಬೆರಳಿಟ್ಟು ಕೆಳಗೆ ಬರುತ್ತಾ ಹೋದೆ. ಕೊನೆಯಲ್ಲಿ ಒಂದು, ಒಂದೇ ಒಂದು, ಈ ವರ್ಷದ ಜನವರಿ ಹದಿನಾರು, ಗುರುವಾರ, ಮಧ್ಯಾಹ್ನ.

ಸಾಹೇಬರು ಕಣ್ಣಾರೆ ನೋಡಿದ ಫೈಲ್ ಅದೇ. ನಾನು ಅವನ ಮುಖ ನೋಡಿದೆ. ಅವನು ಕಿಟಕಿ ನೋಡುತ್ತಿದ್ದ.

"ಇದನ್ನ ಗುರುವಾರ ಈ ಯಂತ್ರದ ಮೇಲೆ ಬರೆದೆ ಅಂತೀಯಾ?"

"ಹಾಗಂತ ಹೇಳಿಕೆ ಕೊಟ್ಟಿದೀನಲ್ಲ."

"ಹೇಳಿಕೆ ಇರ್ಲಿ. ಒಂದು ಆಟ ಆಡೋಣ."

ನಾನು ಯಂತ್ರದ ಗಡಿಯಾರವನ್ನು ತೆರೆದು ಜನವರಿ ಹದಿನಾರಕ್ಕೆ ತಿರುಗಿಸಿದೆ. ಆರಿಸಿದೆ. ಮತ್ತೆ ಹಚ್ಚಿದೆ. ಊಟದ ಕೋಣೆಯಲ್ಲಿ ಯಾರೋ ಹಾಡು ಎತ್ತಿಕೊಂಡಿದ್ದರು, ಇನ್ನಿಬ್ಬರು ದನಿಗೂಡಿಸಿದರು. ಇಲ್ಲಿ ಪರದೆ ಒಮ್ಮೆ ಬೆಳಗಿತು. ಪರೀಕ್ಷೆಯ ಅವಧಿ ಮುಗಿದಿದೆ, ದಯವಿಟ್ಟು ಲೈಸೆನ್ಸ್ ಕೊಳ್ಳಿ ಎಂಬ ಸಾಲು ಬಂತು. ಹಿಂದೆಯೇ ಎಲ್ಲ ಕಪ್ಪಾಯಿತು.

"ನೋಡಿದ್ಯಾ?" ಎಂದೆ. "ಆ ದಿನಾಂಕದಲ್ಲಿ ಇದು ಉಸಿರೇ ಆಡಲ್ಲ. ನಕ್ಷೆ ಎಲ್ಲಿಂದ ಬರೆಯುತ್ತೆ?"

ವುಕಾಶಿನ್ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ನಮ್ಮೂರ ಯಂತ್ರಗಳು ಎರಡು ವರ್ಷದಿಂದ ದಿನಾ ಸುಳ್ಳು ತಾರೀಖೇ ಹೇಳ್ತಿವೆ. ನಿಂದು ಗುರುವಾರ ಒಂದು ದಿನ ಮಾತ್ರ ನಿಜ ಹೇಳಿಬಿಡ್ತಾ? ಅದೂ ಗವ್ರಿಲೊ ಸತ್ತ ಗಂಟೆಗೆ ಸರಿಯಾಗಿ?"

ಅವನು ಬಾಟಲಿಯನ್ನು ನೆಲದ ಮೇಲಿಟ್ಟು, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟ.

ಅದೇ ಹೊತ್ತಿಗೆ ದೆಸಾಂಕಾ ಬಾಗಿಲಲ್ಲಿ ತಲೆ ಹಾಕಿದಳು. "ಏಯ್, ಸ್ಲಾವಾದ ದಿನ ಯಜಮಾನ ಕೂರ್ತಾನೇನೋ? ನಿನ್ನ ತಂದೆ ಕಾಲು ಮುರಿದಿದ್ದಾಗಲೂ ನಿಂತೇ ಬಡಿಸಿದ್ರು. ಏಳು, ಸೂಪು ಆರ್ತಿದೆ." ಮಗನ ಮುಖ ಸರಿಯಾಗಿ ಕಂಡ ಮೇಲೆ ಅವಳ ದನಿ ಇಳಿಯಿತು. "ಏನಾಯ್ತೋ?"

"ಏನಿಲ್ಲ ಅಮ್ಮ. ಬಂದೆ."

ಅವಳು ನನ್ನನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿ ಹೋದಳು. ವುಕಾಶಿನ್ ಎದ್ದು ನಿಂತ.

"ನಾನು ಕೊಂದಿಲ್ಲ ವಿದಕ್ಕ," ಎಂದ. "ಗುರುವಾರ ಮಧ್ಯಾಹ್ನ ಡೇರಿಯ ಹಳೇ ನಕ್ಷೆ ಬೇಕು ಅಂತ ಅಂಗಡಿಗೆ ಹೋಗಿದ್ದೆ. ಬೀಗ ತೆಗೆದ್ರೆ ಗವ್ರಿಲೊ ಬಿದ್ದಿದ್ದ. ರಕ್ತ ಇನ್ನೂ ಒದ್ದೆ ಇತ್ತು. ನನಗೆ ಕೈಕಾಲೇ ಆಡ್ಲಿಲ್ಲ. ಬೀಗ ಹಾಕಿ ಓಡಿಬಂದೆ."

"ಯಾರಿಗೂ ಹೇಳ್ಲಿಲ್ವಾ?"

"ಒಬ್ಬರಿಗೆ ಹೇಳಿದೆ."

"ಯಾರಿಗೆ?"

ಅವನು ಬಾಗಿಲ ಕಡೆ ನೋಡಿದ. ನಾನೇ ಮುಂದುವರಿಸಿದೆ. "ಈ ಫೈಲನ್ನ ಯಾರೋ ಹೊರಗಿಂದ ತಂದು ಕೊಟ್ಟಿದಾರೆ. ಗಡಿಯಾರ ಸರಿಯಾಗಿ ನಡೆಯೋ ಯಂತ್ರದಲ್ಲಿ ಬರೆದು ತಂದಿದಾರೆ. ಹಣ ಕೊಟ್ಟು ಕೊಂಡ ಯಂತ್ರ. ನಮ್ಮೂರಲ್ಲಿ ಅಂಥದ್ದು ಎಷ್ಟಿವೆ, ಹೇಳು."

ಹೇಳಬೇಕಾಗಿರಲಿಲ್ಲ. ಅಂಥದ್ದು ಒಂದೇ ಇತ್ತು. ರಾಜಧಾನಿಯಿಂದ ಮೊಹರು ಹಾಕಿದ ಪೆಟ್ಟಿಗೆಯಲ್ಲಿ ಬಂದದ್ದು. ಅದರ ಖಾಲಿ ಪೆಟ್ಟಿಗೆಯನ್ನೂ ಗಾಜಿನ ಬೀರುವಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು ನಮ್ಮ ಉಗ್ರಿನಿಚ್ ಸಾಹೇಬರು.

"ಅವರು ನನ್ನ ಕುಮ್," ಎಂದ ವುಕಾಶಿನ್.

ಕುಮ್ ಅಂದರೆ ಮದುವೆಯಲ್ಲಿ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವರು, ಮಗುವನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡವರು. ಒಡಹುಟ್ಟಿದವರ ಮಾತನ್ನಾದರೂ ತೆಗೆದುಹಾಕಬಹುದು, ಕುಮ್ ಮಾತನ್ನು ತೆಗೆದುಹಾಕುವಂತಿಲ್ಲ. ಆ ನಂಟಿಗೆ ಸಾಕ್ಷಿ ನಿಲ್ಲುವ ಸಂತನೂ ಈ ಯೋವಾನನೇ.

"ಶುಕ್ರವಾರ ಬೆಳಿಗ್ಗೆ ಫ್ಲಾಪಿ ತಂದ್ರು. ಅವರ ನದೀ ದಡದ ಮನೆ ನಕ್ಷೆ, ನಾನೇ ಬರೆದುಕೊಟ್ಟಿದ್ದು. 'ಇದನ್ನ ನಿನ್ನ ಯಂತ್ರಕ್ಕೆ ಹಾಕ್ಕೊ, ಮಿಕ್ಕಿದ್ದು ನನಗೆ ಬಿಡು, ನಿನಗ್ಯಾರೂ ಕೈ ಹಚ್ಚಲ್ಲ' ಅಂದ್ರು. ಮಧ್ಯಾಹ್ನ ಬಂದು ಆ ಒಂದು ಫೈಲನ್ನೇ ತೆಗೆಸಿ ನೋಡಿ ಬರ್ಕೊಂಡು ಹೋದ್ರು."

"ತಾರೀಖು ನೋಡಿ ನಿನಗೆ ಹೊಳೀಲಿಲ್ವಾ?"

"ಹೊಳೀತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? 'ಕುಮ್, ನಂದು ಲೈಸೆನ್ಸ್ ಇಲ್ಲದ್ದು, ಊರಲ್ಲಿ ಯಾರದೂ ಇಲ್ಲ, ಎಲ್ಲರೂ ಗಡಿಯಾರ ತಿರುಗಿಸ್ತೀವಿ' ಅಂತ ಪೊಲೀಸ್ ಮುಖ್ಯಾಧಿಕಾರಿಗೆ ಹೇಳ್ಲಾ?"

ನನಗೆ ನಗು ಬಂತು, ತಡೆಯಲಾಗಲಿಲ್ಲ. ಊರಿಗೂರೇ ಎರಡು ವರ್ಷ ಒಬ್ಬರಿಂದ ಮಾತ್ರ ಒಂದು ಗುಟ್ಟು ಮುಚ್ಚಿಟ್ಟಿತ್ತು. ನಾನೂ ಮುಚ್ಚಿಟ್ಟಿದ್ದೆ. ಆ ಒಬ್ಬರು ಸುಳ್ಳು ತಾರೀಖು ಹೊಸೆಯಲು ಕೂತಾಗ, ಈ ಊರಲ್ಲಿ ಯಾವ ಯಂತ್ರವೂ ಹೇಳದ ತಾರೀಖನ್ನೇ ಹೊಸೆದಿದ್ದರು. ಕೊಂಡ ಯಂತ್ರದ ಮುಂದೆ ಕೂತವರು ಮಾತ್ರ ಮಾಡಬಹುದಾದ ತಪ್ಪು ಅದು. ಶುಕ್ರವಾರ ಬೆಳಿಗ್ಗೆ ಕೂತು ಗುರುವಾರ ಮಧ್ಯಾಹ್ನದ ಮೊಹರು ಒತ್ತಬೇಕಾದರೆ ಸಾಹೇಬರೂ ಗಡಿಯಾರ ತಿರುಗಿಸಲೇಬೇಕಿತ್ತು. ಲೈಸೆನ್ಸ್ ಇದ್ದವರು ಒಂದು ದಿನ ಹಿಂದಕ್ಕೆ ಹೋಗಿದ್ದರು, ಇಲ್ಲದವರು ಎರಡು ವರ್ಷ.

"ನಿನ್ನನ್ನ ಉಳಿಸೋಕೆ ಮಾಡಿದ್ರು ಅಂತ ಅಂದ್ಕೊಂಡಿದೀಯಾ?" ಎಂದು ಕೇಳಿದೆ.

"ಮತ್ತೇನು?"

"ನೀನು ಉಳಿದ್ರೆ ಯಾರು ಸಿಕ್ಕಿಹಾಕ್ಕೋತಾರೆ?"

ಅವನು ಕಣ್ಣು ಮುಚ್ಚಿಕೊಂಡ. ಆ ಪೆಟ್ಟಿಗೆಯನ್ನು ಜೋಡಿಸಿಕೊಟ್ಟವರು, ಅದರ ಮೇಲೆ ನಕ್ಷೆ ಬರೆಯುವುದನ್ನು ಕಲಿಸಿದವರು ಯಾರೆಂದು ನಾನು ನೆನಪಿಸಬೇಕಾಗಿರಲಿಲ್ಲ.

"ನಾಳೆ ನ್ಯಾಯಾಧೀಶರ ಮುಂದೆ ಈ ಯಂತ್ರ ಹೊತ್ಕೊಂಡು ಬರ್ತೀಯಾ?" ಎಂದೆ. "ಲೈಸೆನ್ಸ್ ಇಲ್ಲದ್ದು ಅಂತ ನಿನ್ನ ಬಾಯಲ್ಲೇ ಹೇಳ್ಬೇಕಾಗುತ್ತೆ. ದಂಡ ಬೀಳುತ್ತೆ. ಕುಮ್ ನಂಟು ಮುರಿಯುತ್ತೆ."

ಅವನು ಗಡಿಯಾರವನ್ನು ತಾನೇ ಮಾರ್ಚ್ ಐದಕ್ಕೆ ತಿರುಗಿಸಿ ಯಂತ್ರವನ್ನು ಎಬ್ಬಿಸಿದ. ಜನವರಿಯ ಆ ಫೈಲ್ ಇನ್ನೂ ಅಲ್ಲೇ ಇದೆಯೆಂದು ನೋಡಿಕೊಂಡ.

"ಬರ್ತೀನಿ," ಎಂದ. "ಮೇಷ್ಟ್ರ ಯಂತ್ರ ಇದು. ಇದರ ಮೇಲೆ ಬರೆದ ಮೊದಲನೇ ನಕ್ಷೆಗೆ ಬಹುಮಾನ ಬಂದಾಗ ನನಗಿಂತ ಅವರೇ ಹೆಚ್ಚು ಕುಣಿದಿದ್ರು. ಹೊತ್ಕೊಂಡೇ ಬರ್ತೀನಿ. ಹಬ್ಬ ಮುಗೀಲಿ."

ಅವನ ಬೆನ್ನು ನೆಟ್ಟಗಾಗಿತ್ತು. ನನಗೆ ಅವನ ಮೇಲೆ ಅಭಿಮಾನ ಬಂತು. ಇಬ್ಬರೂ ಊಟದ ಕೋಣೆಗೆ ಬಂದೆವು, ಅವನು ಸೂಪು ಬಡಿಸಿದ, ನಾನು ಕುಡಿದೆ.

ಸೂಪಿನ ತಟ್ಟೆ ಖಾಲಿಯಾಗುವ ಮೊದಲೇ ಬಾಗಿಲ ಗಂಟೆ ಬಾರಿಸಿತು.

ಒಳಗೆ ಬಂದವರು ಉಗ್ರಿನಿಚ್. ಹಬ್ಬದ ಕೋಟು, ಕೈಯಲ್ಲಿ ವೈನ್ ಬಾಟಲಿ. ವುಕಾಶಿನನ ಕೆನ್ನೆಗೆ ಮೂರು ಸಲ ಮುತ್ತಿಟ್ಟರು. ವುಕಾಶಿನ್ ಮರದ ಹಾಗೆ ನಿಂತಿದ್ದ. ಕುಮ್ ಅಲ್ಲವೇ, ಮೇಜಿನ ತಲೆಯ ಕಡೆ ಕೂರಿಸಿದರು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು.

"ವಿದಾ. ನೀನೂ ಇಲ್ಲಿದೀಯಾ?"

"ಸ್ಲಾವಾ ಅಲ್ವಾ ಸರ್. ಕರೀದೇ ಇದ್ರೂ ಬರ್ಬಹುದು."

"ಒಳ್ಳೇದಾಯ್ತು. ನಿನಗೂ ಹೇಳಿದ ಹಾಗಾಯ್ತು." ಗ್ಲಾಸು ಎತ್ತಿ ಸುತ್ತಲೂ ನೋಡಿದರು. "ಇನ್ನು ಊರು ನೆಮ್ಮದಿಯಾಗಿ ಮಲಗಬಹುದು. ತಿಹೊಮಿರ್ ಒಪ್ಕೊಂಡ್ರು. ಈಗ ತಾನೇ ಸಹಿ ಹಾಕಿಸ್ಕೊಂಡು ಬಂದೆ."

ಮೇಜಿನ ಸುತ್ತ ಒಂದು ಚಮಚದ ಸದ್ದೂ ಇಲ್ಲವಾಯಿತು. ನಾನು ಸೂಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಏನು ಹೇಳಿ ಹಾಕಿಸಿದ್ರಿ?"

"ಹೇಳೋದೇನು. ಹೊಸ ಕಾನೂನು ಬಂದಿದೆ, ಲೈಸೆನ್ಸ್ ಇಲ್ಲದ ಕಂಪ್ಯೂಟರ್ ವಶ ಮಾಡ್ಕೋಬೇಕು ಅಂತ ನೆನಪಿಸಿದೆ. ಗವ್ರಿಲೊ ಮಾರಿದ ಡಿಸ್ಕು ನೀವು ಮಾಡಿದ್ದು ಅಂತಾರೆ, ಹಾಗಾದ್ರೆ ನಿಮ್ಮ ಕೈ ಬಿದ್ದ ಯಂತ್ರ ಎಲ್ಲೆಲ್ಲಿವೆಯೋ ಅಂತ ಶಾಲೆ, ಆಸ್ಪತ್ರೆ, ಮನೆಮನೆ ಹುಡುಕಿಸ್ತೀನಿ ಅಂದೆ. ಮುದುಕ ತಾನೇ ಪೆನ್ನು ಕೇಳಿದ."

ಗುಟ್ಟಿನ ಒಂದು ಎಳೆ ಅವರ ಕೈಗೆ ಸಿಕ್ಕಿತ್ತು. ಗಡಿಯಾರದ ಎಳೆ ಇನ್ನೂ ಸಿಕ್ಕಿರಲಿಲ್ಲ.

ಸ್ತಾನಾ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಅಲ್ಲಿದ್ದ ಒಬ್ಬೊಬ್ಬರಿಗೂ ತಿಳಿಯಿತು. ಮೇಷ್ಟ್ರು ತಮ್ಮ ಉಳಿದ ಆಯಸ್ಸನ್ನು ಕೊಟ್ಟು ನಮ್ಮ ಮನೆಗಳ ಬೂದು ಪೆಟ್ಟಿಗೆಗಳನ್ನು ಉಳಿಸಿದ್ದರು. ನನಗೆ ಅಳು ಬಂತು, ಆ ಮನುಷ್ಯನ ಬಗ್ಗೆ ಹೆಮ್ಮೆಯೂ ಬಂತು. ಎರಡೂ ಒಟ್ಟಿಗೆ ಬಂದದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

"ಒಂದೇ ಕೆಲಸ ಬಾಕಿ," ಎಂದರು ಉಗ್ರಿನಿಚ್, ತುಟಿ ಒರೆಸಿಕೊಳ್ಳುತ್ತಾ. "ಕುಮ್, ನಿನ್ನ ಕಂಪ್ಯೂಟರನ್ನ ಇವತ್ತೇ ಒಯ್ತೀನಿ. ನೀನು ಬೇಸರ ಮಾಡ್ಕೋಬೇಡ. ಅದೂ ಲೈಸೆನ್ಸ್ ಇಲ್ಲದ್ದು ಅಂತ ಈಗ ಗೊತ್ತಾಯ್ತು. ಕಾನೂನು ಅಂದ್ರೆ ಎಲ್ಲರಿಗೂ ಒಂದೇ."

ಮೇಷ್ಟ್ರ ಸಹಿಯನ್ನು ಸುಳ್ಳು ಮಾಡಬಲ್ಲದ್ದು ಈಗ ಲೋಕದಲ್ಲಿ ಆ ಒಂದೇ ಪೆಟ್ಟಿಗೆ. ಅದನ್ನೇ ಅವರು ಕಾನೂನಿನ ಹೆಸರಲ್ಲಿ ಎತ್ತಿಕೊಳ್ಳುತ್ತಿದ್ದರು.

"ಸರ್, ಹಬ್ಬದ ಮನೆ," ಎಂದೆ. "ನಾಳೆ ನಾನೇ ತರಿಸ್ತೀನಿ."

"ನಾಳೆ ಯಾಕೆ?" ಅವರು ಎದ್ದರು.

ವುಕಾಶಿನ್ ನನ್ನ ಕಡೆ ನೋಡಿದ. ಕುಮ್‌ನನ್ನು ಹಬ್ಬದ ದಿನ ತಡೆಯುವಂತಿಲ್ಲ. ಆದರೂ ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ಅಡ್ಡ ನಿಂತ. "ಬೇಡಿ, ಕುಮ್," ಎಂದ. ಅವನ ಬಾಯಿಂದ ಆ ಮಾತು ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾದಂತಿತ್ತು.

ಉಗ್ರಿನಿಚ್ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲನೆ ಪಕ್ಕಕ್ಕೆ ಸರಿಸಿದರು. ನಾವು ಮೂವರೂ ಒಬ್ಬರ ಹಿಂದೊಬ್ಬರು ಕೋಣೆಗೆ ಹೋದೆವು.

ಮೇಜು ಖಾಲಿಯಿತ್ತು.

ಪರದೆ ಇತ್ತು, ಅಕ್ಷರ ಒತ್ತುವ ಹಲಗೆ ಇತ್ತು, ತಂತಿಗಳು ಕೆಳಗೆ ಜೋತಾಡುತ್ತಿದ್ದವು. ಬೂದು ಪೆಟ್ಟಿಗೆ ಇರಲಿಲ್ಲ. ಕಿಟಕಿಗೆ ಒಳಗಿನಿಂದ ಚಿಲಕ ಹಾಕಿತ್ತು, ಹೊರಗಿನ ಹಿಮದ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

ನಾನು ಮೊದಲು ನೋಡಿದ್ದು ಉಗ್ರಿನಿಚ್ ಮುಖ. ಅದು ನಟನೆಯಲ್ಲ. ಆ ಮುಖದಲ್ಲಿದ್ದದ್ದು ಹೆದರಿಕೆ, ತಾವು ಹೊಸೆದ ಫೈಲು ಯಾರದೋ ಕೈ ಸೇರಿತಲ್ಲ ಎಂಬ ಹೆದರಿಕೆ. ಅವರು ತೆಗೆಸಿದ್ದಲ್ಲ. ವುಕಾಶಿನ್ ಗೋಡೆಗೆ ಒರಗಿ ಬೆವರುತ್ತಿದ್ದ. ಅವನೂ ಅಲ್ಲ, ಸೂಪಿನ ಹೊತ್ತಿನಿಂದ ನನ್ನ ಕಣ್ಣೆದುರೇ ಇದ್ದ.

ಊಟದ ಕೋಣೆಗೆ ವಾಪಸು ಬಂದಾಗ ಎಲ್ಲರೂ ತಲೆ ತಗ್ಗಿಸಿ ತಿನ್ನುತ್ತಿದ್ದರು. ನಮ್ಮಿಬ್ಬರ ಕುರ್ಚಿ ಬಿಟ್ಟರೆ ಮೇಜಿನ ಸುತ್ತ ಒಂದೂ ಖಾಲಿ ಇರಲಿಲ್ಲ. ಆಗಿನಿಂದ ಅಡುಗೆಮನೆಗೆ ಓಡಾಡುತ್ತಿದ್ದ ದೆಸಾಂಕಾ ಈಗ ತಲೆ ಎತ್ತದೆ ಹಂದಿಯ ಮಾಂಸ ಹೆಚ್ಚುತ್ತಿದ್ದಳು.

"ಪೆಟ್ಟಿಗೆ ಎಲ್ಲಿ? ಯಾರು ಆ ಕೋಣೆಗೆ ಹೋಗಿದ್ರಿ?" ಎಂದು ಕೇಳಿದರು ಉಗ್ರಿನಿಚ್.

"ಯಾವ ಕೋಣೆ?" ಎಂದಳು ಸ್ತಾನಾ. ಅವಳ ಕಣ್ಣು ಇನ್ನೂ ಒದ್ದೆಯಿತ್ತು. "ನಾವು ತಿಂತಾ ಇದೀವಿ ಸಾಹೇಬ್ರೆ."

ಉಗ್ರಿನಿಚ್ ಒಬ್ಬೊಬ್ಬರನ್ನೇ ನೋಡುತ್ತಾ ಬಂದು ನನ್ನ ಮುಂದೆ ನಿಂತರು.

"ನಾಳೆ ತರಿಸ್ತೀನಿ ಅಂತ ನನ್ನನ್ನ ತಡೆದದ್ದು ನೀನು," ಎಂದರು. ಈಗ ದನಿ ಬಹಳ ಮೆತ್ತಗಿತ್ತು. "ಸಾಕ್ಷಿ ಮುಚ್ಚಿಹಾಕಿದ್ದಕ್ಕೆ ಏನು ಶಿಕ್ಷೆ ಅಂತ ನಿನಗೆ ನಾನು ಹೇಳ್ಕೊಡಬೇಕಾಗಿಲ್ಲ. ನಿನ್ನ ಬಿಲ್ಲೆ ಇಲ್ಲಿಡು, ವಿದಾ. ಈಗಲೇ."

ನಾನು ಬಿಲ್ಲೆ ತೆಗೆದು ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲಿಟ್ಟೆ. ಅವರ ಕಣ್ಣಿನಿಂದ ಕಣ್ಣು ಕೀಳಲಿಲ್ಲ. ಆ ಪೆಟ್ಟಿಗೆ ನನ್ನ ಬಳಿಯೇ ಇದೆಯೆಂದು ಅವರು ನಂಬಿದ್ದರು, ಮೇಜಿನ ಸುತ್ತ ಕೂತಿದ್ದ ಜನವೂ ಹಾಗೆಯೇ ನಂಬಿ ನನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದರು. ಅದು ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ.